ಇನ್ನೊಬ್ಬರು ಕೋರಿದ ಹಾಡು

ಭಾನುವಾರ ಬೆಳಗ್ಗೆ ಕೋರಿಕೆಯ ಹಾಡುಗಳ ಹೊತ್ತಿಗೆ ರೇಡಿಯೋ ಹಚ್ಚುವುದು ನನ್ನ ಬಹುಕಾಲದ ರೂಢಿ. ಈಚೀಚೆಗೆ ಹಾಡಿಗಿಂತ ಹೆಚ್ಚಾಗಿ, ಹಾಡಿಗೆ ಮುಂಚೆ ಉದ್ಘೋಷಕಿ ಓದುವ ಹೆಸರುಗಳಿಗೇ ಕಿವಿಗೊಡುತ್ತೇನೆ. ಒಂದು ಹಾಡಿಗೆ ಇಡೀ ಮನೆಯೇ ಸಾಲುಗಟ್ಟಿ ನಿಂತಿರುತ್ತದೆ. ಅಜ್ಜಿ, ಅಪ್ಪ, ಅಮ್ಮ, ಸೋದರತ್ತೆ, ಕೊನೆಗೆ ಇನ್ನೂ ಮಾತು ಬಾರದ ಒಂದು ಕೂಸು. ಆ ಕೂಸಿಗೆ ಅರವತ್ತರ ದಶಕದ ಹಾಡು ಯಾಕೆ ಬೇಕಾಯಿತೆಂದು ಯಾರೂ ವಿಚಾರಿಸುವುದಿಲ್ಲ.

ಕಾರ್ಡು ಬರೆಯುವ ಕಾಲದಲ್ಲಿ ಕೋರಿಕೆಯೆಂದರೆ ಕಾಯುವುದು. ಅಂಚೆ ಡಬ್ಬಿಗೆ ಕಾರ್ಡು ಬಿದ್ದ ಮೇಲೆ ಈ ವಾರವೋ ಮುಂದಿನ ವಾರವೋ ಹೇಳುವವರಿಲ್ಲ. ನಮ್ಮ ಹೆಸರು ಯಾವ ಗಳಿಗೆಯಲ್ಲಿ ಬಂದು ಹೋದೀತೋ ಎಂಬ ಆತಂಕದಲ್ಲಿ ಎದ್ದು ಹೋಗುವಂತೆಯೂ ಇರಲಿಲ್ಲ. ಸೆಲ್ಲು ಸೋತಿದ್ದರೆ ಹಿಂದಿನ ದಿನವೇ ಬಿಸಿಲಿಗಿಟ್ಟು ಒಂದಿಷ್ಟು ಜೀವ ತುಂಬಿಕೊಳ್ಳಬೇಕು. ಸದ್ದು ಕರಗುಟ್ಟಿದರೆ ಟ್ರಾನ್ಸಿಸ್ಟರನ್ನೇ ಹೊರಳಿಸಿ ದಿಕ್ಕು ಹುಡುಕಬೇಕು. ಮೀಡಿಯಂ ವೇವ್‌ನ ಆಂಟೆನಾ ಪೆಟ್ಟಿಗೆಯೊಳಗೇ ಇರುತ್ತಿದ್ದುದರಿಂದ ಅದು ಬರಿಯ ನಂಬಿಕೆಯ ಮಾತಾಗಿರಲಿಲ್ಲ. ಇಷ್ಟೆಲ್ಲ ಮಾಡಿ ಕೂತರೆ ಕಿವಿಗೆ ಬೀಳುತ್ತಿದ್ದುದು ಬೇರೆಯವರ ಹಾಡುಗಳು. ಪಿ.ಬಿ. ಶ್ರೀನಿವಾಸರಿಗೆಂದು ಕಾದಿದ್ದ ನನಗೆ ಕಾಳಿಂಗರಾಯರು ಸಿಕ್ಕಿದ್ದು ಹಾಗೆಯೇ. ಕೋರಿದವರು ಯಾವ ಊರಿನವರೋ, ನೆನಪಿಲ್ಲ. ಅವರ ಋಣ ಮಾತ್ರ ಇದೆ.

ಈ ಕೋರಿಕೆಗಳಿಂದ ಹೆಸರಾದ ಊರೂ ಒಂದಿದೆ: ಝುಮ್ರಿ ತಿಲೈಯಾ. ಇಂದಿನ ಜಾರ್ಖಂಡಿನ, ಅಭ್ರಕದ ಗಣಿಗಳ ನಡುವಿನ ಸಣ್ಣ ಊರು. ಅಲ್ಲಿಂದ ರೇಡಿಯೋ ಸಿಲೋನಿಗೂ ವಿವಿಧ ಭಾರತಿಗೂ ಕಾರ್ಡುಗಳು ಹೋಗುತ್ತಿದ್ದ ರಭಸಕ್ಕೆ, ಅಂಥ ಊರು ನಿಜಕ್ಕೂ ಇದೆಯೇ ಎಂದು ಕೇಳುಗರು ಅನುಮಾನಪಟ್ಟಿದ್ದರು.

ಸಿಲೋನಿನ ಹೆಸರು ಬಂತೆಂದರೆ ಬಿ.ವಿ. ಕೇಸ್ಕರ್ ನೆನಪಾಗಲೇಬೇಕು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಅವರು ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರವಿಟ್ಟರು. ಜನ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಬುಧವಾರ ರಾತ್ರಿಯೆಂದರೆ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಎಂದಾಯಿತು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಶಾಸ್ತ್ರೀಯ ಸಂಗೀತ ಎಲ್ಲರ ಕಿವಿಗೂ ಬೀಳಲೆಂಬ ಕೇಸ್ಕರರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಆಸೆಯಿಂದಲೇ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವೂ ಬಂತು. ಆದರೆ ಪಂಕ್ತಿಯಲ್ಲಿ ಕೂತವರ ಸ್ವಭಾವವೇ ಬೇರೆ. ಒಳ್ಳೆಯದೆಂದು ಬಲವಂತಕ್ಕೆ ಬಡಿಸಿದ್ದು ಎಲೆಯ ಮೂಲೆ ಸೇರುತ್ತದೆ. ಪಕ್ಕದ ಎಲೆಯವರು ಕೇಳಿ ಹಾಕಿಸಿಕೊಂಡರೆ, ನಮಗೂ ಒಂದು ಸೌಟು ಇರಲಿ ಅನ್ನಿಸುತ್ತದೆ.

ಈಗ ನನ್ನ ಫೋನಿನಲ್ಲಿ ಬೇಕೆಂದ ಹಾಡು ಬೇಕೆಂದ ಕ್ಷಣಕ್ಕೆ ಸಿಗುತ್ತದೆ, ನಾನೂ ಕೇಳುತ್ತೇನೆ. ನಿನ್ನೆ ಮೆಚ್ಚಿದ್ದಕ್ಕೆ ಹೊಂದುವುದನ್ನೇ ಅದು ಇವತ್ತೂ ಹುಡುಕಿ ಕೊಡುತ್ತದೆ. ಅಲ್ಲಿ ಪಕ್ಕದ ಎಲೆಯವರಿಲ್ಲ, ಅಷ್ಟೇ.

ಹಾಸನ, ಮಡಿಕೇರಿ, ಚಿತ್ರದುರ್ಗ, ಹೊಸಪೇಟೆ, ಕಾರವಾರದಂಥ ಊರುಗಳ ಎಫ್‌ಎಂ ನಿಲಯಗಳು ಹತ್ತಿರದವು. ಗುಡ್ಡ ಅಡ್ಡ ಬಂದರೆ ಅಲೆ ಮುಗ್ಗರಿಸುತ್ತದೆ, ಅಷ್ಟು ದೂರ ಹೋಗುವ ಹಂಬಲವೂ ಇಲ್ಲ. ಹಾಗಾಗಿ ಕಾರ್ಡಿನ ಜಾಗಕ್ಕೆ ಫೋನು ಬಂದರೂ ಮಾತಿನಲ್ಲಿ ಮಳೆ, ಬೆಳೆ, ತಿಂಡಿಯ ವಿಚಾರ ಇದ್ದೇ ಇರುತ್ತದೆ. ‘ನಿಮ್ಮ ರೇಡಿಯೋ ಸದ್ದು ಸ್ವಲ್ಪ ಕಡಿಮೆ ಮಾಡಿ’ ಎಂದು ಉದ್ಘೋಷಕಿ ಹೇಳದ ವಾರವಿಲ್ಲ. ತಮ್ಮ ದನಿ ಆಕಾಶದಿಂದ ಮರಳಿ ಮನೆಗೆ ಬರುವುದನ್ನು ಕೇಳುವ ಆಸೆ ಯಾರಿಗೆ ತಾನೇ ಇರುವುದಿಲ್ಲ!

ಮೊನ್ನೆ ಕರೆ ಮಾಡಿದ ಹೆಂಗಸಿಗೆ ಹಾಡಿನ ಹೆಸರು ಗಂಟಲವರೆಗೆ ಬಂದು ಮರೆತುಹೋಯಿತು. ‘ಯಾವ್ದಾದ್ರೂ ಹಾಕಿ ಮೇಡಂ’ ಅಂದರು.

‘ಯಾರಿಗೋಸ್ಕರ ಅಮ್ಮಾ?’

‘ಯಾರ್ ಕೇಳ್ತಾ ಕೂತಿದಾರೋ ಅವ್ರಿಗೆ.’

ಹಾಕಿದ ಹಾಡು ನನಗೆ ಅಷ್ಟಕ್ಕಷ್ಟೇ. ಎರಡೂ ಚರಣ ಕೇಳಿದೆ.