ಯಾವ ದಿನದ ಬಣ್ಣ?

ಕಳೆದ ದಸರಾ ರಜೆಗೆ ತಂಗಿಯ ಮಗ ಬೆಟ್ಟದಪುರದ ನಮ್ಮ ಮನೆಗೆ ಬಂದಾಗ ಬಟ್ಟೆಯ ಚೀಲದ ಜೊತೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಿದ್ದ. ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ ಚೂರುಗಳು. ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟು ಹಾಕಿ ಕೂಡಿಸಿದರೆ ಹಳೆಯ ಕಾಲದ ಡಕೋಟಾ ಸಾಗಣೆ ವಿಮಾನ. ಅಳತೆ ಎಪ್ಪತ್ತೆರಡರಲ್ಲೊಂದು ಪಾಲು. ಸುಮಾರು 29 ಮೀಟರ್ ಅಗಲದ ರೆಕ್ಕೆ ನಮ್ಮ ಮೇಜಿನ ಮೇಲೆ 40 ಸೆಂಟಿಮೀಟರಿಗೆ ಇಳಿದಿತ್ತು. ನಾಲ್ಕು ದಿನ ಆ ಹುಡುಗ ಊಟಕ್ಕೆ ಕರೆದರೂ ಏಳಲಿಲ್ಲ.

ಐದನೆಯ ದಿನ ಅವನೇ ನನ್ನ ಬಳಿ ಬಂದ. ಪೆಟ್ಟಿಗೆಯಲ್ಲಿದ್ದ ಹಾಳೆಯಲ್ಲಿ ಎರಡು ಬಗೆಯ ಗುರುತುಗಳಿದ್ದವು. ಒಂದು, 1944ರ ಜೂನ್‌ನಲ್ಲಿ ಪ್ಯಾರಾಚೂಟ್ ಸೈನಿಕರನ್ನು ನಾರ್ಮಂಡಿಗೆ ಹೊತ್ತೊಯ್ದ ವಿಮಾನದ ಕಪ್ಪು-ಬಿಳಿ ಪಟ್ಟೆ. ಇನ್ನೊಂದು ಪ್ರಯಾಣಿಕರ ವಿಮಾನದ್ದು. ನೀರಿನಲ್ಲಿ ನೆನೆಸಿ, ಜಾರಿಸಿ ಕೂರಿಸುವ ಈ ಗುರುತು ಒಮ್ಮೆ ಒಣಗಿತೆಂದರೆ ಮತ್ತೆ ಕೀಳಲು ಬರುವುದಿಲ್ಲ.

"ಮಾಮು, ಯಾವುದು ಅಂಟಿಸಲಿ?" ಎಂದ.

ಮಕ್ಕಳ ಪ್ರಶ್ನೆ ಎಂದು ಸುಮ್ಮನಾಗಬಹುದಿತ್ತು. ಆದರೆ ಡಕೋಟಾದ ಚರಿತ್ರೆ ಬಲ್ಲವರಿಗೆ ಅದು ಅಷ್ಟು ಸುಲಭದ ಪ್ರಶ್ನೆಯಲ್ಲ. 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3 ಪ್ರಯಾಣಿಕರಿಗೆಂದೇ ಮಾಡಿದ ವಿಮಾನ. ಯುದ್ಧ ಅದಕ್ಕೆ ಸೈನಿಕರನ್ನೂ ಮದ್ದುಗುಂಡುಗಳನ್ನೂ ಹೊರಿಸಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1940ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಂತರ ಮಾಡಿದ ಕೆಲಸಗಳಲ್ಲೊಂದು, ಸೇನೆಗೆ ಬೇಡವಾದ ಡಕೋಟಾಗಳನ್ನು ಜನಸಾಮಾನ್ಯರ ವಿಮಾನಗಳಾಗಿ ಮಾರ್ಪಡಿಸುವುದು. ದೇಶ ಒಡೆದಾಗ ಈ ಜಾತಿಯ ವಿಮಾನಗಳು ನಿರಾಶ್ರಿತರನ್ನು ಸಾಗಿಸಿದವು. 1948ರ ಮೇ 24ರಂದು ನಮ್ಮ ನೆರೆಯ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಕೂರಿಸಿಕೊಂಡು ಮೆಹರ್ ಸಿಂಗ್ ಲೇಹ್‌ನ ಮರಳಿನ ಮೇಲೆ ಇಳಿಸಿದ್ದೂ ಡಕೋಟಾವನ್ನೇ. ಅದೇ ವರ್ಷ ದಿಗ್ಬಂಧನದಲ್ಲಿದ್ದ ಬರ್ಲಿನ್ ನಗರದ ಹಸಿದ ಜನರಿಗೆ ಅದು ಹಿಟ್ಟು ಹೊತ್ತಿತು. ಹದಿನಾರು ವರ್ಷ ಕಳೆದು 1964ರಲ್ಲಿ, ವಿಯೆಟ್ನಾಮಿನಲ್ಲಿ, ಅದರ ಎಡಬದಿಗೆ ಮೂರು ಮೆಷಿನ್‌ಗನ್ ಕೂರಿಸಿ ಕೆಳಗಿನ ನೆಲದ ಮೇಲೆ ಗುಂಡಿನ ಮಳೆ ಸುರಿಸಿದರು.

ಇಷ್ಟೆಲ್ಲ ದಿನಗಳನ್ನು ಕಂಡ ವಿಮಾನಕ್ಕೆ ಮೇಜಿನ ಮೇಲೆ ಸಿಗುವುದು ಒಂದೇ ದಿನ. ಮಾದರಿಗಳ ಮಾತು ಬಿಡಿ, ನಿಜವಾದ ವಿಮಾನಕ್ಕೂ ಹಾಗೆಯೇ. 2018ರಲ್ಲಿ ನಮ್ಮ ವಾಯುಪಡೆಗೆ ಸೇರಿದ 'ಪರಶುರಾಮ' ಎಂಬ ಡಕೋಟಾದ ಮೈಮೇಲೆ ವಿಪಿ 905 ಎಂದು ಬರೆದಿದೆ. ಅದು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ವಿಮಾನದ ಸಂಖ್ಯೆ. ಈ ವಿಮಾನವೋ ಗುಜರಿ ಪಾಲಾಗಿದ್ದ ಬೇರೊಂದು. ತಪ್ಪೆಂದು ಹೇಳುತ್ತಿಲ್ಲ. ನಾವು ಸ್ಮರಿಸಬೇಕೆಂದುಕೊಂಡ ದಿನವನ್ನೇ ಅದರ ಮೇಲೆ ಬರೆದೆವು, ಅಷ್ಟೆ.

ವಿಮಾನಕ್ಕೆ ಇದರಿಂದ ನೋವಿಲ್ಲ. ಮನುಷ್ಯನಿಗೆ?

ನಮ್ಮ ಚಾಚಾ ಟೆಂಪೋ ಓಡಿಸುತ್ತಿದ್ದರು. ಕಂಪಲಾಪುರದ ಹರಾಜು ಕಟ್ಟೆಗೆ ಸುತ್ತಲಿನ ರೈತರ ತಂಬಾಕು ಸಾಗಿಸುವುದು ಅವರ ಕಸುಬು. ಒಂದು ನಸುಕಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಗಾಡಿ ಓಡಿಸುವಾಗ ಸೈಕಲ್ ಮೇಲಿದ್ದ ಹುಡುಗನೊಬ್ಬನಿಗೆ ಗುದ್ದಿದರು. ಹುಡುಗ ಉಳಿಯಲಿಲ್ಲ. ಕೋರ್ಟು ಕೊಟ್ಟ ಶಿಕ್ಷೆಯನ್ನು ಅನುಭವಿಸಿ ಬಂದರು. ಆಮೇಲಿನ ಇಪ್ಪತ್ತು ವರ್ಷ, ಯಾವ ಜಾತಿಯವರೇ ಆಗಲಿ, ಯಾವ ಹೊತ್ತೇ ಆಗಲಿ, ಬಾಗಿಲು ತಟ್ಟಿದರೆ ಎದ್ದು ಹೆರಿಗೆ ನೋವಿನ ಹೆಂಗಸರನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮುಟ್ಟಿಸಿದರು. ಡೀಸೆಲ್ಲಿನ ದುಡ್ಡನ್ನೂ ಕೇಳುತ್ತಿರಲಿಲ್ಲ. ಆದರೂ ಊರು ಅವರನ್ನು ಗುರುತಿಸುವುದು 'ಸೈಕಲ್ ಹುಡುಗನಿಗೆ ಗುದ್ದಿದವನು' ಎಂದೇ.

ಇಲ್ಲಿ ನಾವು ಎಚ್ಚರದಿಂದ ಇರಬೇಕು. ವಿಮಾನಕ್ಕೆ ಹಿಟ್ಟನ್ನೋ ಗುಂಡನ್ನೋ ಆರಿಸುವ ಸ್ವಾತಂತ್ರ್ಯವಿಲ್ಲ, ಮನುಷ್ಯನಿಗಿದೆ. ನಿದ್ದೆ ಬರುತ್ತಿದ್ದಾಗ ಗಾಡಿ ನಿಲ್ಲಿಸದಿದ್ದುದು ಚಾಚಾರ ತಪ್ಪೇ. ಇಪ್ಪತ್ತು ವರ್ಷದ ಒಳ್ಳೆಯತನ ಒಂದು ಮಗುವಿನ ಜೀವಕ್ಕೆ ಸಾಟಿಯಾಗದು. ತಕ್ಕಡಿಯಲ್ಲಿಟ್ಟು ತೂಗುವ ಲೆಕ್ಕ ಅದಲ್ಲ. ಆ ತಾಯಿಗೆ ಚಾಚಾ ಎಂದರೆ ಆ ಒಂದು ನಸುಕು ಮಾತ್ರ. ಅದನ್ನು ಮರೆತುಬಿಡಮ್ಮ ಎನ್ನುವ ಹಕ್ಕು ನಮಗಾರಿಗೂ ಇಲ್ಲ.

ಆದರೆ ಆ ತಾಯಿಯ ಹಕ್ಕನ್ನು ನಾವು, ಏನನ್ನೂ ಕಳೆದುಕೊಳ್ಳದವರು, ಎರವಲು ಪಡೆಯಬಹುದೇ? ಆಕೆಯ ನೆನಪು ನೋವಿನಿಂದ ಬಂದದ್ದು. ನಮ್ಮದು ಬರೀ ಸೋಮಾರಿತನದಿಂದ ಬಂದದ್ದು. ಒಬ್ಬನನ್ನು ಪೂರ್ತಿ ಅರಿಯುವ ಶ್ರಮಕ್ಕಿಂತ ಒಂದು ಗುರುತು ಅಂಟಿಸಿ ಕಪಾಟಿನಲ್ಲಿಡುವುದು ಸುಲಭ. ಒಂದು ಸಮುದಾಯದ ವಿಷಯದಲ್ಲೂ ನಾವು ಮಾಡುವುದು ಇದನ್ನೇ. ಮನುಷ್ಯನಿಗೆ ಆಯ್ಕೆಯಿದೆ ಎಂಬ ಕಾರಣಕ್ಕೇ ತಪ್ಪು ಅವನದಾಗುತ್ತದೆ. ಅದೇ ಕಾರಣಕ್ಕೆ ಪಶ್ಚಾತ್ತಾಪವೂ ಅವನದೇ. ಮೈಗೆ ಕೂರಿಸಿದ ಬಂದೂಕನ್ನು ವಿಮಾನ ತಾನೇ ಕಳಚಿಡಲಾರದು. ಮನುಷ್ಯ ಕಳಚಿಡಬಲ್ಲ. ಅವನು ಕಳಚಿಟ್ಟ ಮೇಲೂ ನಾವು ಅದನ್ನೇ ಬರೆಯುತ್ತಿದ್ದರೆ ಅದು ಸತ್ಯದ ಅರ್ಧ ಮಾತ್ರ.

ಹುಡುಗ ಕೊನೆಗೆ ಪ್ರಯಾಣಿಕರ ವಿಮಾನದ ಗುರುತನ್ನೇ ಅಂಟಿಸಿದ. ನಾನು ಬೇಡವೆನ್ನಲಿಲ್ಲ. ಆದರೆ ಕೆಳಗಿನ ಹಲಗೆಯ ಮೇಲೆ ಉಳಿದ ಇಸವಿಗಳನ್ನೂ ಬರೆಯಲು ಹೇಳಿದೆ: 1944, 1948, 1964. ಬಂದೂಕಿನ ವರ್ಷವನ್ನು ಬಿಡಬೇಡ ಎಂದೆ. ಒಳ್ಳೆಯದನ್ನಷ್ಟೇ ಬರೆದರೆ ಅದೂ ಸುಳ್ಳೇ.

ಮೊನ್ನೆ ಚಹಾದಂಗಡಿಯಲ್ಲಿ ಹೊಸಬರೊಬ್ಬರಿಗೆ ಯಾರೋ ಚಾಚಾರ ಗುರುತು ಹೇಳುತ್ತಿದ್ದರು, ಅದೇ ಹಳೆಯ ಮಾತು. ಹೌದು, ಅದು ನಿಜ ಎಂದೆ. ಆಮೇಲೆ ಚೆಲುವಾಂಬ ಆಸ್ಪತ್ರೆಯ ರಾತ್ರಿಗಳ ಕತೆಯನ್ನೂ ಹೇಳಿದೆ. ಹಾಗೆ ಸೇರಿಸಿ ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.