ಉಪವಾಸವೂ ಅನ್ನಪಾನನಿರೋಧವೂ

ಪರ್ವದಿನದಲ್ಲಿ ನಾವು ಸ್ವೇಚ್ಛೆಯಿಂದ ಆಹಾರವನ್ನು ತ್ಯಜಿಸಿದರೆ ಅದು ಉಪವಾಸ. ನಮ್ಮ ದೆಸೆಯಿಂದ ಇನ್ನೊಂದು ಜೀವಿಗೆ ಆಹಾರ ತಪ್ಪಿದರೆ ಅದು ಅನ್ನಪಾನನಿರೋಧ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದನ್ನು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕೊಟ್ಟಿಗೆಯ ಹಸುವಿನ ವಿಷಯದಲ್ಲಿ ಈ ಮಾತು ಎಲ್ಲರಿಗೂ ವಿದಿತ. ಕಾಡಿನ ಜೀವಿಗೂ ಇದು ಅನ್ವಯಿಸುವುದೇ?

1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಂದು ಭಾಗ ನಮ್ಮ ಬೆಳ್ತಂಗಡಿ ತಾಲೂಕಿಗೆ ಸೇರಿದೆ. ಆ ಉದ್ಯಾನವು ಸಿಂಗಳೀಕದ ನೆಲೆ. ಪಶ್ಚಿಮಘಟ್ಟಗಳನ್ನುಳಿದು ಜಗತ್ತಿನ ಬೇರಾವ ಕಾಡಿನಲ್ಲಿಯೂ ಈ ಪ್ರಾಣಿಯಿಲ್ಲ. ಅದು ನೆಲಕ್ಕಿಳಿಯುವುದು ವಿರಳ. ಕೊಂಬೆಯಿಂದ ಕೊಂಬೆಗೆ ಸಾಗಿ ಕಾಡುಹಣ್ಣು, ಕೀಟಗಳಿಂದ ಜೀವಿಸುತ್ತದೆ. ನಡುವಿನ ಮರಗಳನ್ನು ಕಡಿದರೆ ಆಚೆಯ ಹಣ್ಣು ಅದಕ್ಕೆ ದುರ್ಲಭ. ಕೊಡಲಿ ಹಿಡಿದವನು ಪ್ರಾಣಿಯನ್ನು ಮುಟ್ಟಲಿಲ್ಲ; ಆದರೆ ಅದರ ತುತ್ತನ್ನು ತಡೆದನು.

ಕೊಲ್ಲುವ ಸಂಕಲ್ಪವಿರಲಿಲ್ಲವೆಂದು ಅವನು ಹೇಳಬಹುದು. ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವೆಂಬುದೂ ನಿಜ. ಆದರೆ ನಿಷ್ಪ್ರಯೋಜನವಾಗಿ ಗಿಡಮರ ಕಡಿಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪ್ರಮಾದಚರ್ಯೆಯೆಂದಿದ್ದಾರೆ. ತಿಳಿಯಲು ಅವಕಾಶವಿದ್ದೂ ತಿಳಿಯದಿರುವುದು ಪ್ರಮಾದವಲ್ಲದೆ ಮತ್ತೇನು?

ಅರಿವಿಲ್ಲದಿದ್ದರೆ ಕರುಣೆಯೂ ದಾರಿ ತಪ್ಪುತ್ತದೆ. ಘಾಟಿಯ ರಸ್ತೆಯಲ್ಲಿ ಮಂಗಗಳಿಗೆ ಬಾಳೆಹಣ್ಣು ಎಸೆಯುವವರು ಅದನ್ನು ದಾನವೆಂದೇ ಭಾವಿಸುತ್ತಾರೆ. ಆ ಹಣ್ಣಿನ ಆಸೆಗೆ ರಸ್ತೆಗಿಳಿದ ಮಂಗ ವಾಹನಕ್ಕೆ ಸಿಲುಕಿ ಪ್ರಾಣ ಬಿಡುತ್ತದೆ. ಒಬ್ಬನು ಆಹಾರ ತಡೆದು ಕೆಟ್ಟನು, ಇನ್ನೊಬ್ಬನು ಕೊಟ್ಟು ಕೆಟ್ಟನು. ಇಬ್ಬರಿಗೂ ಆ ಜೀವಿಯ ಬಾಳು ತಿಳಿಯದು.

ಆದುದರಿಂದ ಅಷ್ಟಮಿ, ಚತುರ್ದಶಿಗಳ ಸ್ವಾಧ್ಯಾಯದ ಬಳಿಕ, ನಮ್ಮ ತೋಟದಂಚಿನ ಮರ ಯಾವುದು, ಅದರ ಹಣ್ಣನ್ನು ಯಾವ ಜೀವಿ ತಿನ್ನುತ್ತದೆ ಎಂಬುದನ್ನು ಮಕ್ಕಳೊಡನೆ ಅರಿಯೋಣ. ಆ ಮರವನ್ನು ಉಳಿಸಿದ ದಿನ ನಮ್ಮ ಉಪವಾಸ ಇನ್ನೊಂದು ಜೀವಿಯ ಹಸಿವಾಗದು.