ತಾಯಿ ಹೋಗಬಹುದೆ?

ಹೆರಿಗೆಯಾದದ್ದು ಶುಕ್ರವಾರ. ಸೋಮವಾರ ಬೆಳಗ್ಗೆ ಆಕೆ ಕಚೇರಿಯ ಸಭೆಯಲ್ಲಿ ಕೂತಿದ್ದಳು. 1983ರ ಜುಲೈ ಕೊನೆಯ ಮಾತಿದು, ಊರು ಅಮೆರಿಕದ ಹೂಸ್ಟನ್. ಬಾಣಂತಿಯ ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟುವ ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ.

ಆಕೆ ಅನ್ನಾ ಫಿಶರ್, ಓದಿನಿಂದ ವೈದ್ಯೆ. 1978ರಲ್ಲಿ ನಾಸಾ ಮೊಟ್ಟಮೊದಲು ಆರಿಸಿಕೊಂಡ ಆರು ಮಂದಿ ಮಹಿಳಾ ಗಗನಯಾತ್ರಿಗಳಲ್ಲಿ ಒಬ್ಬಳು. ಹೆರಿಗೆಗೆ ಎರಡು ವಾರವಿದೆ ಎನ್ನುವಾಗ ಆಕೆಯ ಹೆಸರು ಯಾನಕ್ಕೆ ಗೊತ್ತಾಯಿತು; ತುಂಬು ಬಸುರಿ ಒಪ್ಪಿಕೊಂಡಳು. 1984ರ ನವೆಂಬರ್ 8ರಂದು ಡಿಸ್ಕವರಿ ನೌಕೆಯಲ್ಲಿ ಹೊರಟಾಗ ಮಗಳಿಗೆ ಹದಿನೈದು ತಿಂಗಳು. ಅದುವರೆಗೆ ಜಗತ್ತಿನ ಯಾವ ತಾಯಿಯೂ ಬಾಹ್ಯಾಕಾಶಕ್ಕೆ ಹೋಗಿರಲಿಲ್ಲ. ಸರಿಯಾದ ಕಕ್ಷೆ ಸೇರದೆ ಉಳಿದಿದ್ದ ಎರಡು ಉಪಗ್ರಹಗಳನ್ನು ಸಂಗಡಿಗರಿಬ್ಬರು ಹೊರಗೆ ತೇಲುತ್ತ ಹಿಡಿದರು. ಒಳಗೆ ಕೂತು ನೌಕೆಯ ಯಂತ್ರದ ತೋಳನ್ನು ನಡೆಸಿದವಳು ಅನ್ನಾ.

ಎಳೆಗೂಸನ್ನು ಬಿಟ್ಟು ಹೇಗೆ ಹೋಗುತ್ತೀ ಎಂಬ ಪ್ರಶ್ನೆ ಮಾತ್ರ ಆಕೆಯನ್ನು ಬಿಡಲಿಲ್ಲ.

ಗಂಡ ವಿಲಿಯಂ ಫಿಶರ್ ಕೂಡ ವೈದ್ಯ, ಗಗನಯಾತ್ರಿ. 1985ರ ಆಗಸ್ಟ್‌ನಲ್ಲಿ ಆತನೂ ಹೋದ. ಅದೇ ಮನೆ, ಅದೇ ಮಗು, ಅದೇ ಅಪಾಯ. ಆತ ಸುದ್ದಿಯಾದದ್ದು ಉಪಗ್ರಹವೊಂದನ್ನು ರಿಪೇರಿ ಮಾಡಿದ್ದಕ್ಕೆ. 'ಬಾಹ್ಯಾಕಾಶಕ್ಕೆ ಹೋದ ಮೊದಲ ತಂದೆ' ಎಂದು ಯಾರನ್ನಾದರೂ ಕರೆದದ್ದುಂಟೆ? 1961ರಲ್ಲಿ ರಷ್ಯದ ಗಗಾರಿನ್ ಹಾರಿದಾಗ ಆತನ ಕಿರಿಯ ಮಗಳು ತಿಂಗಳು ತುಂಬಿದ ಕೂಸು!

ಹಾಗೆಂದು ಆ ಪ್ರಶ್ನೆಯೇ ತಪ್ಪೆನ್ನಲಾರೆ. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ತೀರಿಕೊಂಡರು. ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಇಬ್ಬರು ಮಕ್ಕಳ ತಾಯಿ. ರೊನಾಲ್ಡ್ ಮೆಕ್‌ನೇರ್ ಇಬ್ಬರು ಪುಟ್ಟ ಮಕ್ಕಳ ತಂದೆ. ಹೆತ್ತವರ ಧೈರ್ಯಕ್ಕೆ ಮಗುವಿನ ಒಪ್ಪಿಗೆ ಕೇಳಿದವರಿಲ್ಲ. ಬೆಲೆ ತೆರುವುದು ಅದೇ. ತಂದೆ ಸತ್ತ ಮನೆಯಲ್ಲಿ ಮಗು ಕಡಿಮೆ ಅಳುತ್ತದೆಯೆ? ಕೇಳುವುದಾದರೆ ಇಬ್ಬರನ್ನೂ ಕೇಳಬೇಕು. ಒಬ್ಬಳನ್ನೇ ಕೇಳಿದಾಗ ಅದು ಮಗುವಿನ ಮೇಲಿನ ಕಾಳಜಿಯಲ್ಲ, ತಾಯಿಯ ಮೇಲಿನ ಕಾವಲು.

1989ರಲ್ಲಿ ಎರಡನೆಯ ಮಗಳು ಹುಟ್ಟಿದಳು. ಮಕ್ಕಳನ್ನು ಬೆಳೆಸಲೆಂದು ಅನ್ನಾ 1996ರವರೆಗೆ ರಜೆ ಹಾಕಿ ಮನೆಯಲ್ಲಿದ್ದಳು. ಕೊನೆಗೂ ಸೋತಳು ನೋಡಿ ಎನ್ನುವವರಿರಬಹುದು. ನನಗೆ ಹಾಗನ್ನಿಸುವುದಿಲ್ಲ, ಹೋಗಲು ಬಲ್ಲವಳು ಉಳಿಯುವುದೇ ಬೇರೆ, ಹೋಗಗೊಡದೆ ಉಳಿಸಿಕೊಂಡದ್ದೇ ಬೇರೆ. ಆದರೂ ಆ ಏಳು ವರ್ಷದ ಲೆಕ್ಕ ಹಗುರವಲ್ಲ. ಮರಳಿ ಬಂದು ಬಾಹ್ಯಾಕಾಶ ನಿಲ್ದಾಣದ ಕೆಲಸದಲ್ಲಿ ತೊಡಗಿದಳು, 2017ರಲ್ಲಿ ನಿವೃತ್ತಳಾದಳು. ಇನ್ನೊಮ್ಮೆ ಹಾರುವುದು ಮಾತ್ರ ಆಗಲೇ ಇಲ್ಲ.